ಊನೋದರ ತಪವೂ ಉದರದ ಶಸ್ತ್ರಚಿಕಿತ್ಸೆಯೂ

ಕಳೆದ ಅಷ್ಟಾಹ್ನಿಕ ಪರ್ವದ ದಿನಗಳಲ್ಲಿ ನನ್ನ ತಂಗಿಯ ಮಗಳು ಬೆಂಗಳೂರಿನಿಂದ ಜವನಗೊಂಡನಹಳ್ಳಿಯ ನಮ್ಮ ಮನೆಗೆ ಬಂದಿದ್ದಳು. ಹೆದ್ದಾರಿಯಲ್ಲಿ ಬಸ್ಸಿನಿಂದಿಳಿದು ಮನೆಯವರೆಗಿನ ಸ್ವಲ್ಪ ದಾರಿಯನ್ನು ನಡೆಯುವಷ್ಟರಲ್ಲಿ ಎರಡು ಬಾರಿ ನಿಂತು ಉಸಿರು ತೆಗೆದುಕೊಂಡಳೆಂದು ಅವಳನ್ನು ಕರೆತರಲು ಹೋದ ಮೊಮ್ಮಗನು ಹೇಳಿದನು. ವಯಸ್ಸು 41, ಎತ್ತರ 155 ಸೆಂಟಿಮೀಟರು, ತೂಕ 90 ಕಿಲೋ. ಆರು ವರ್ಷಗಳಿಂದ ಮಧುಮೇಹಕ್ಕೆ ಮಾತ್ರೆ ನುಂಗುತ್ತಿದ್ದಾಳೆ. ಮಾತ್ರೆಯನ್ನು ಒಂದು ದಿನವೂ ತಪ್ಪಿಸಿದವಳಲ್ಲ. ಸಾಯಂಕಾಲದ ಅನ್ನವನ್ನು ಹೊತ್ತು ಮುಳುಗುವ ಮೊದಲೇ ಮುಗಿಸಿ, ಕೈ ತೊಳೆದು, ಚೀಲದಿಂದ ಒಂದು ಕಾಗದವನ್ನು ತೆಗೆದು ನನ್ನ ಮುಂದಿಟ್ಟಳು. ಜಠರದ ಗಾತ್ರವನ್ನು ಕಿರಿದುಗೊಳಿಸಿ ತೂಕವನ್ನಿಳಿಸುವ ಶಸ್ತ್ರಚಿಕಿತ್ಸೆಗೆ ತಾನು ಅರ್ಹಳೆಂದು ತೋರಿಸಲು ಆಸ್ಪತ್ರೆಯವರಿಗೂ ವಿಮೆಯವರಿಗೂ ತುಂಬಿಕೊಡಬೇಕಾದ ಅರ್ಜಿ ಅದು. ಅದರಲ್ಲಿ ಒಂದು ಪ್ರಶ್ನೆ: ತೂಕವನ್ನಿಳಿಸಲು ಈ ಮೊದಲು ಯಾವ ಯಾವ ಪ್ರಯತ್ನಗಳನ್ನು ಮಾಡಿ ವಿಫಲರಾಗಿದ್ದೀರಿ?

“ಮಾವ, ನಾನು ಹಿಡಿದ ಉಪವಾಸಗಳನ್ನೆಲ್ಲ ಇಲ್ಲಿ ಬರೆಯಬೇಕೆಂದು ಮನೆಯವರು ಹೇಳುತ್ತಾರೆ. ಬರೆಯಲೇ?” ಎಂದು ಕೇಳಿದಳು.

ಹನ್ನೆರಡು ವರ್ಷಗಳಿಂದ ದಶಲಕ್ಷಣದ ಹತ್ತು ದಿನವೂ ಏಕಾಶನ, ಅನಂತ ಚತುರ್ದಶಿಯಂದು ಉಪವಾಸ, ತಿಂಗಳಿಗೆ ನಾಲ್ಕು ಪರ್ವತಿಥಿಗಳಲ್ಲಿ ಶಕ್ತ್ಯನುಸಾರ ವ್ರತ. ಇವೆಲ್ಲವನ್ನೂ ‘ವಿಫಲ ಪ್ರಯತ್ನ’ ಎಂಬ ತಲೆಬರಹದ ಕೆಳಗೆ ಸಾಲಾಗಿ ಬರೆದರೆ ಅರ್ಜಿಗೆ ಬಲ ಬರುವುದಂತೆ. ನಾನು ಆ ರಾತ್ರಿ ಉತ್ತರ ಕೊಡಲಿಲ್ಲ. ಮೂವತ್ತು ವರ್ಷಗಳಿಗೂ ಮಿಕ್ಕಿ ಮಕ್ಕಳಿಗೆ ‘ಯೋಚಿಸಿ ಬರೆ’ ಎಂದು ಹೇಳುತ್ತ ಬಂದವನು ಒಮ್ಮೆಯಾದರೂ ತಾನೂ ಹಾಗೆ ಮಾಡಬೇಡವೆ?

ಈ ಚಿಕಿತ್ಸೆ ಏನೆಂಬುದನ್ನು ವಾಚಕರಿಗೆ ಮೊದಲು ತಿಳಿಸಬೇಕು. 1966ರಲ್ಲಿ ಅಮೆರಿಕೆಯ ಅಯೋವಾ ವಿಶ್ವವಿದ್ಯಾಲಯದಲ್ಲಿ ಮೇಸನ್ ಮತ್ತು ಇಟೊ ಎಂಬ ವೈದ್ಯರು ಜಠರದ ಬಹುಭಾಗವನ್ನು ಬದಿಗಿರಿಸಿ ಆಹಾರವನ್ನು ನೇರವಾಗಿ ಕರುಳಿಗೆ ಹಾಯಿಸುವ ಬೈಪಾಸ್ ಕ್ರಮವನ್ನು ಮೊದಲು ಮಾಡಿದರು. ಈಗ ಹೆಚ್ಚಾಗಿ ನಡೆಯುವುದು ಸ್ಲೀವ್ ಎಂಬ ಕ್ರಮ: ಜಠರದ ಮುಕ್ಕಾಲು ಪಾಲಿನಷ್ಟನ್ನು ಉದ್ದಕ್ಕೆ ಕತ್ತರಿಸಿ ತೆಗೆದು, ಉಳಿದುದನ್ನು ಅಂಗಿಯ ತೋಳಿನಂತಹ ಸಣ್ಣ ಕೊಳವೆಯಾಗಿ ಹೊಲಿಯುತ್ತಾರೆ. ಕತ್ತರಿಸಿದುದನ್ನು ಮರಳಿ ಜೋಡಿಸುವಂತಿಲ್ಲ. ಸ್ವೀಡನ್ ದೇಶದಲ್ಲಿ 1987ರಿಂದ ಸಾವಿರಾರು ಸ್ಥೂಲಕಾಯರನ್ನು ಗಮನಿಸುತ್ತ ಬಂದ ವೈದ್ಯರು, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಮರಣಗಳು ಕಡಿಮೆಯೆಂದು 2007ರಲ್ಲಿ ಪ್ರಕಟಿಸಿದರು. ಆದ್ದರಿಂದ ಇದು ಅಲಂಕಾರಕ್ಕಾಗಿ ಮಾಡುವ ಕೆಲಸವೆಂದು ತಳ್ಳಿಹಾಕುವುದು ಸರಿಯಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ತರುಣ ನಟಿಯೊಬ್ಬಳು ಕೊಬ್ಬು ತೆಗೆಸಿಕೊಳ್ಳಲು ಹೋಗಿ ತೀರಿಕೊಂಡ ಸುದ್ದಿಯನ್ನು ಓದಿದ ನಮ್ಮ ಮನೆಯ ಹೆಂಗಸರು ಇದನ್ನೂ ಅದನ್ನೂ ಒಂದೇ ಎಂದು ತಿಳಿದು ಅಳತೊಡಗಿದ್ದರು. ಅದು ಚರ್ಮದ ಕೆಳಗಿನ ಕೊಬ್ಬನ್ನು ಹೀರಿ ತೆಗೆಯುವ ಬೇರೆ ಕೆಲಸ. ಇದು ರೋಗಕ್ಕೆ ಮಾಡುವ ಚಿಕಿತ್ಸೆ. ಅಪಾಯವು ಇದರಲ್ಲಿಯೂ ಉಂಟು, ಆದರೆ ಬಗೆ ಬೇರೆ.

ಇನ್ನು ಅರ್ಹತೆಯ ವಿಷಯ. ಕಿಲೋಗಳಲ್ಲಿನ ತೂಕವನ್ನು ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಅಂಕಿಗೆ ದೇಹದ್ರವ್ಯ ಸೂಚ್ಯಂಕವೆಂದು ಹೆಸರು. 1991ರಲ್ಲಿ ಅಮೆರಿಕೆಯ ರಾಷ್ಟ್ರೀಯ ಆರೋಗ್ಯ ಸಂಸ್ಥೆಯವರು ಕರೆದ ಸಭೆಯು ಈ ಅಂಕಿ 40 ಇದ್ದವರಿಗೆ, ಅಥವಾ 35 ಇದ್ದು ಮಧುಮೇಹಾದಿ ರೋಗಗಳೂ ಇದ್ದವರಿಗೆ ಶಸ್ತ್ರಚಿಕಿತ್ಸೆ ಉಚಿತವೆಂದು ಗೆರೆ ಎಳೆಯಿತು. ಭಾರತೀಯರ ದೇಹದಲ್ಲಿ ಕಡಿಮೆ ತೂಕದಲ್ಲಿಯೇ ರೋಗಗಳು ಕಾಣಿಸಿಕೊಳ್ಳುತ್ತವೆಂದು ನಮ್ಮ ವೈದ್ಯರು 2009ರಲ್ಲಿ ಅದನ್ನು 37.5 ಮತ್ತು 32.5ಕ್ಕೆ ಇಳಿಸಿದರು. 2022ರಲ್ಲಿ ಈ ಶಸ್ತ್ರವೈದ್ಯರ ಅಂತರರಾಷ್ಟ್ರೀಯ ಸಂಘಗಳು ಮತ್ತೂ ಇಳಿಸಿ, ಏಷ್ಯಾದವರಿಗೆ 27.5ರಿಂದಲೇ ಆಗಬಹುದೆಂದಿವೆ. ಆದರೆ ನಮ್ಮ ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ಹೊರಡಿಸಿದ ನಿಯಮದಲ್ಲಿ ಹಳೆಯ ಗೆರೆಯೇ ನಿಂತಿದೆ: 18 ವರ್ಷ ತುಂಬಿರಬೇಕು, ವೈದ್ಯರ ಸಲಹೆಯಿರಬೇಕು, ಸೂಚ್ಯಂಕವು 40 ಇರಬೇಕು, ಇಲ್ಲವೆ 35 ಇದ್ದು, ಇತರ ಉಪಾಯಗಳು ಸೋತು, ಹೃದ್ರೋಗವೋ, ನಿದ್ರೆಯಲ್ಲಿ ಉಸಿರು ಕಟ್ಟುವ ತೀವ್ರ ವ್ಯಾಧಿಯೋ, ಹತೋಟಿಗೆ ಬಾರದ ಮಧುಮೇಹವೋ ಇರಬೇಕು.

ನನ್ನ ಸೊಸೆಯಂತಹ ಆ ಹುಡುಗಿಯ ಅಂಕಿಯನ್ನು ನಾನೇ ಕಾಗದದ ಮೇಲೆ ಗುಣಿಸಿ ಭಾಗಿಸಿದೆನು. 37.46 ಬಂತು. ಮಧುಮೇಹವು ಮಾತ್ರೆಯಿಂದ ಹತೋಟಿಯಲ್ಲಿದೆ. ವೈದ್ಯರ ಲೆಕ್ಕದಲ್ಲಿ ಅವಳು ಅರ್ಹಳು. ವಿಮೆಯ ಲೆಕ್ಕದಲ್ಲಿ ಅಲ್ಲ. ಆಗ ಹಿತೈಷಿಯೊಬ್ಬರು ಎರಡು ದಾರಿಗಳನ್ನು ತೋರಿಸಿದರಂತೆ. ಒಂದು, ಮೂರು ತಿಂಗಳು ಚೆನ್ನಾಗಿ ತಿಂದು ಇನ್ನು ಆರೇಳು ಕಿಲೋ ಹೆಚ್ಚಿಸಿಕೊಂಡರೆ 40ರ ಗೆರೆ ದಾಟುತ್ತದೆ. ಎರಡು, ರಕ್ತಪರೀಕ್ಷೆಗೆ ಮುಂಚೆ ಕೆಲವು ವಾರ ಮಾತ್ರೆಯನ್ನು ನಿಲ್ಲಿಸಿದರೆ ‘ಹತೋಟಿಗೆ ಬಾರದ ಮಧುಮೇಹ’ ತಾನಾಗಿ ಕಾಗದದ ಮೇಲೆ ಮೂಡುತ್ತದೆ. ಉಪವಾಸಗಳ ಪಟ್ಟಿಯು ಇವೆರಡಕ್ಕೂ ಒಗ್ಗರಣೆ.

ಧರ್ಮಬಂಧುಗಳು ಇಲ್ಲಿಯೇ ನಿಂತು ವಿಚಾರಿಸಬೇಕು. ಉದರವನ್ನು ಕತ್ತರಿಸಿಕೊಳ್ಳುವುದು ಜೈನನಿಗೆ ತಗುವುದೆ ಎಂಬ ದೊಡ್ಡ ಪ್ರಶ್ನೆಗಿಂತ ಮುಂಚೆ, ಅರ್ಹತೆಯನ್ನು ಹೇಗೆ ಸಂಪಾದಿಸುವುದು ಎಂಬ ಈ ಸಣ್ಣ ಪ್ರಶ್ನೆಯಲ್ಲಿಯೇ ಅಣುವ್ರತಗಳು ಪರೀಕ್ಷೆಗೊಳಗಾಗುತ್ತವೆ.

ಮೊದಲು ದೊಡ್ಡ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ನಮ್ಮ ಮನೆಯ ಹಿರಿಯರೊಬ್ಬರು ಕೇಳಿದ ಕೂಡಲೆ ನುಡಿದರು: “ಬಾಯಿಯನ್ನು ಕಟ್ಟಲಾರದವರು ಹೊಟ್ಟೆಯನ್ನು ಕೊಯ್ಸಿಕೊಳ್ಳುತ್ತಾರೆ.” ಈ ಮಾತು ಕೇಳಲು ಸೊಗಸಾಗಿದೆ. ನಾನೂ ಒಂದು ಕಾಲದಲ್ಲಿ ಇಂತಹ ಮಾತುಗಳನ್ನು ಆಡಿದವನೇ. ಉಪಾಧ್ಯಾಯನಾಗಿದ್ದ ಮೊದಲ ವರ್ಷಗಳಲ್ಲಿ ನನ್ನ ತರಗತಿಯ ಸ್ಥೂಲಕಾಯದ ಹುಡುಗನೊಬ್ಬನನ್ನು ಹಾಜರಿ ಕರೆಯುವಾಗ ಕುಂಬಳಕಾಯಿ ಎಂದು ಕರೆಯುತ್ತಿದ್ದೆನು, ತರಗತಿಯೆಲ್ಲ ನಗುತ್ತಿತ್ತು. ಕೆಲವು ದಿನಗಳ ಮೇಲೆ, ಅವನು ಮಧ್ಯಾಹ್ನದ ಬುತ್ತಿಯನ್ನು ಶಾಲೆಯ ಹಿಂದಿನ ಗೋಡೆಯ ಮರೆಯಲ್ಲಿ ಒಬ್ಬನೇ ನಿಂತುಕೊಂಡು ಅವಸರವಾಗಿ ನುಂಗುತ್ತಿರುವುದನ್ನು ಕಂಡೆನು. ಆ ಬುತ್ತಿಯಲ್ಲಿದ್ದುದು ಇತರ ಮಕ್ಕಳ ಬುತ್ತಿಯಲ್ಲಿದ್ದಷ್ಟೇ. ನನ್ನ ನಾಲಿಗೆಯಿಂದಾದ ಹಿಂಸೆಗೆ ನಾನು ಅನೇಕ ಬಾರಿ ಪ್ರತಿಕ್ರಮಣ ಮಾಡಿದ್ದೇನೆ. ಹುಡುಗನನ್ನು ಮತ್ತೆ ಕಂಡು ಕ್ಷಮೆ ಕೇಳುವ ಯೋಗ ಮಾತ್ರ ಒದಗಲಿಲ್ಲ.

ಶಾಸ್ತ್ರವು ನಮ್ಮ ಹಿರಿಯರ ಮಾತಿಗಿಂತ ಸೂಕ್ಷ್ಮವಾಗಿದೆ. ಆಹಾರ ಸಂಜ್ಞೆ ಹುಟ್ಟುವುದಕ್ಕೆ ಗೊಮ್ಮಟಸಾರದಲ್ಲಿ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಹೇಳುವ ಕಾರಣಗಳನ್ನು ಸ್ಮರಿಸಿಕೊಳ್ಳಿರಿ: ಆಹಾರವನ್ನು ಕಾಣುವುದು, ಅದರ ಕಡೆಗೆ ಮನಸ್ಸು ಹರಿಯುವುದು, ಉದರವು ಬರಿದಾಗಿರುವುದು ಮತ್ತು ಅಸಾತಾ ವೇದನೀಯ ಕರ್ಮದ ಉದೀರಣೆ. ಮನಸ್ಸು ಹರಿಯುವುದು ಒಂದು ಕಾರಣವಷ್ಟೇ. ಉಳಿದುವುಗಳಲ್ಲಿ ಶರೀರವೂ ಕರ್ಮವೂ ಇವೆ. ಹಸಿವು ಇಪ್ಪತ್ತೆರಡು ಪರೀಷಹಗಳಲ್ಲಿ ಮೊದಲನೆಯದು. ಅದು ವೇದನೀಯದ ಫಲ. ರಸಗಳಲ್ಲಿ ಆಸಕ್ತಿ, ಗೃದ್ಧಿ ಎಂಬುದು ಮೋಹನೀಯದ ಫಲ. ಎರಡೂ ತಟ್ಟೆಯ ಮುಂದೆ ಒಂದೇ ರೀತಿ ಕಾಣುತ್ತವೆ, ಆದರೆ ಒಂದೇ ಅಲ್ಲ. ಜಪಾನಿನ ವಿಜ್ಞಾನಿಗಳು 1999ರಲ್ಲಿ ಜಠರದಲ್ಲಿಯೇ ಹುಟ್ಟಿ ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬ ರಸವನ್ನು ಗುರುತಿಸಿದರು. ಸ್ಲೀವ್ ಕ್ರಮದಲ್ಲಿ ಅದು ಹುಟ್ಟುವ ಭಾಗವೇ ಬಹುಮಟ್ಟಿಗೆ ಹೊರಹೋಗುವುದರಿಂದ ಹಸಿವು ಇಳಿಯುತ್ತದೆ. ಆದರೆ ಗೃದ್ಧಿಯು ಯಾವ ಶಸ್ತ್ರಕ್ಕೂ ಸಿಕ್ಕುವುದಿಲ್ಲ. ಕೆಲವರು ಸಣ್ಣ ಜಠರದೊಡನೆಯೂ ದಿನವಿಡೀ ಸಿಹಿಯನ್ನು ಹೀರುತ್ತ ಕೆಲವು ವರ್ಷಗಳಲ್ಲಿ ಮತ್ತೆ ತೂಕ ಹೆಚ್ಚಿಸಿಕೊಳ್ಳುವುದುಂಟೆಂದು ವೈದ್ಯರೇ ಹೇಳುತ್ತಾರೆ.

ಹಸಿವೇ ರೋಗವಾಗಬಹುದೆಂಬುದಕ್ಕೆ ನಮ್ಮ ಪರಂಪರೆಯಲ್ಲಿ ಸಾಕ್ಷಿಯಾಗಿರುವವರು ಸಾಮಾನ್ಯರಲ್ಲ, ಸ್ವಾಮಿ ಸಮಂತಭದ್ರಾಚಾರ್ಯರು. ಅವರಿಗೆ ಬಂದ ಭಸ್ಮಕ ವ್ಯಾಧಿಯ ಕಥೆಯನ್ನು ನಮ್ಮ ದೇವಚಂದ್ರನು ರಾಜಾವಳೀ ಕಥೆಯಲ್ಲಿ ಹೇಳಿದ್ದಾನೆ. ಶ್ರವಣಬೆಳಗೊಳದಲ್ಲಿ 1129ರ ಮಲ್ಲಿಷೇಣ ಪ್ರಶಸ್ತಿಯೂ ಅದನ್ನು ಉಲ್ಲೇಖಿಸುತ್ತದೆ. ತಿಂದುದೆಲ್ಲ ಬೂದಿಯಾಗಿ, ಎಷ್ಟು ತಿಂದರೂ ತೀರದ ಹಸಿವು ಅದು. ಮುನಿಯ ಆಹಾರಚರ್ಯೆಯಲ್ಲಿ ಅದಕ್ಕೆ ಮದ್ದಿಲ್ಲ. ಅವರು ಗುರುಗಳಲ್ಲಿಗೆ ಹೋಗಿ ಸಲ್ಲೇಖನೆಗೆ ಅನುಮತಿಯನ್ನು ಬೇಡಿದರು. ಗುರುಗಳು ಕೊಡಲಿಲ್ಲ. ನಿನ್ನಿಂದ ಶಾಸನಕ್ಕೆ ಆಗಬೇಕಾದ ಕಾರ್ಯವಿನ್ನೂ ಉಂಟು, ದೀಕ್ಷೆಯನ್ನು ಕೆಲಕಾಲ ಬದಿಗಿರಿಸಿ ರೋಗವನ್ನು ಶಮನ ಮಾಡಿಕೊಂಡು ಮರಳಿ ಬಾ ಎಂದರು. ಅವರು ಹಾಗೆಯೇ ವೇಷವನ್ನು ಬಿಟ್ಟು, ಕಾಂಚಿಯ ಶಿವಾಲಯದಲ್ಲಿ ರಾಶಿರಾಶಿಯಾದ ನೈವೇದ್ಯವನ್ನು ಮುಚ್ಚಿದ ಬಾಗಿಲ ಹಿಂದೆ ಉಂಡರು. ದಿನಗಳು ಕಳೆದಂತೆ ವ್ಯಾಧಿ ಇಳಿದು ನೈವೇದ್ಯವು ಉಳಿಯತೊಡಗಿತು. ಮುಂದಿನ ಚಂದ್ರಪ್ರಭ ಜಿನಬಿಂಬದ ಕಥೆ ಎಲ್ಲರಿಗೂ ತಿಳಿದದ್ದೇ.

ಈ ಕಥೆಯಲ್ಲಿ ನನ್ನ ಗಮನವನ್ನು ಸೆಳೆಯುವುದು ಗುರುಗಳ ಅರ್ಹತಾ ನಿರ್ಣಯ. ಅದೇ ಸಮಂತಭದ್ರರು ಶ್ರಾವಕಾಚಾರದಲ್ಲಿ ಸಲ್ಲೇಖನೆಗೆ ಯೋಗ್ಯವಾದ ಸಂದರ್ಭಗಳನ್ನು ಎಣಿಸುವಾಗ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳ ಜೊತೆಗೆ ಪ್ರತೀಕಾರವಿಲ್ಲದಿರುವಿಕೆ ಎಂಬ ಷರತ್ತನ್ನಿಟ್ಟಿದ್ದಾರೆ. ಪ್ರತೀಕಾರವಿರುವ ರೋಗಕ್ಕೆ ಪ್ರತೀಕಾರವೇ ಧರ್ಮ. ಔಷಧದಾನವನ್ನು ಚತುರ್ವಿಧ ದಾನಗಳಲ್ಲಿ ಒಂದಾಗಿ ಇಟ್ಟವರು ಔಷಧವನ್ನು ಸ್ವೀಕರಿಸುವವನನ್ನು ಹೀನನೆನ್ನುವುದು ಹೇಗೆ? ಆದ್ದರಿಂದ ರೋಗವೆಂದು ವೈದ್ಯರು ನಿಶ್ಚಯಿಸಿದ ಸ್ಥೂಲತೆಗೆ ಶಸ್ತ್ರಚಿಕಿತ್ಸೆಯನ್ನು ಮಾಡಿಸಿಕೊಳ್ಳುವುದರಲ್ಲಿ ವ್ರತಭಂಗವೇನೂ ನನಗೆ ಕಾಣುವುದಿಲ್ಲ. ಬಾಯಿ ಕಟ್ಟಲಾರದವರೆಂಬ ಮಾತನ್ನು ನಮ್ಮ ಹಿರಿಯರು ಹಿಂತೆಗೆದುಕೊಳ್ಳಬೇಕೆಂದು ವಿನಯದಿಂದಲೇ ಹೇಳಿದ್ದೇನೆ. ಅವರು ಇನ್ನೂ ಒಪ್ಪಿಲ್ಲ.

ಇಲ್ಲಿ ಒಂದು ಶಂಕೆ. ಜಠರವೇ ಕಿರಿದಾದ ಮೇಲೆ ಆ ವ್ಯಕ್ತಿಯು ನಾಲ್ಕು ತುತ್ತಿಗೇ ಕೈ ತೊಳೆಯುತ್ತಾನೆ. ಅದು ಅವಮೌದರ್ಯ ತಪವಾಗದೆ? ಪುರುಷನಿಗೆ 32, ಸ್ತ್ರೀಗೆ 28 ಕವಳಗಳೆಂದು ಪೂರ್ಣಾಹಾರದ ಪ್ರಮಾಣವನ್ನು ಹೇಳಿ, ಅದರಲ್ಲಿ ಒಂದು ಕವಳವನ್ನು ಕಡಿಮೆ ಮಾಡಿದರೂ ಊನೋದರವೆಂದು ಆಚಾರ್ಯರು ಹೇಳಿದ್ದಾರಲ್ಲವೆ? ಸಮಾಧಾನ: ಆಗದು. ಉಣ್ಣಬಲ್ಲವನು ಇಚ್ಛೆಯನ್ನು ತಡೆದು ಉಣ್ಣದಿರುವುದು ತಪ. ಉಣ್ಣಲಾರದವನು ಉಣ್ಣದಿರುವುದು ಅವಸ್ಥೆ. ಪಾತ್ರೆಯೇ ಚಿಕ್ಕದಾದ ಮೇಲೆ ನೀರು ಕಡಿಮೆ ಹಿಡಿಯಿತೆಂದು ಪಾತ್ರೆಯನ್ನು ಹೊಗಳುವವರುಂಟೆ? ಹಾಗೆಂದು ಅಂಥವರಿಗೆ ಊನೋದರ ತಪವೇ ಮುಗಿಯಿತೆಂದು ತಿಳಿಯಬಾರದು. ಅವರ ಪೂರ್ಣಪ್ರಮಾಣವು ಎಂಟು ಕವಳವಾದರೆ ಏಳರಲ್ಲಿ ಅವರ ಊನೋದರ.

ಈಗ ಅರ್ಜಿಯ ಪ್ರಶ್ನೆಗೆ ಬರುತ್ತೇನೆ. ಅವಳ ಉಪವಾಸಗಳು ತೂಕವನ್ನಿಳಿಸುವ ಪ್ರಯತ್ನಗಳಾಗಿದ್ದುವೆ? ನಾನು ನೇರವಾಗಿ ಕೇಳಿದೆನು. ಅವಳು ಬಹಳ ಹೊತ್ತು ಸುಮ್ಮನಿದ್ದು, “ಮೊದಲು ಇರಲಿಲ್ಲ ಮಾವ, ನಾಲ್ಕೈದು ವರ್ಷಗಳಿಂದ ಸ್ವಲ್ಪ ಇತ್ತು. ಪಾರಣೆಯ ದಿನ ಬೆಳಿಗ್ಗೆ ತೂಕದ ಯಂತ್ರದ ಮೇಲೆ ನಿಂತು ನೋಡುತ್ತಿದ್ದೆ” ಎಂದಳು. ಈ ಉತ್ತರದ ಪ್ರಾಮಾಣಿಕತೆಗೆ ನಾನು ತಲೆಬಾಗಿದೆನು. ಎಷ್ಟು ಮನೆಗಳಲ್ಲಿ ಇಂದು ಇದೇ ನಡೆಯುತ್ತಿಲ್ಲ! ದಶಲಕ್ಷಣದ ನಂತರ ‘ಎಷ್ಟು ಇಳಿದೆ?’ ಎಂಬುದೇ ಕುಶಲಪ್ರಶ್ನೆಯಾಗಿದೆ. ಫಲಾಪೇಕ್ಷೆಯ ವ್ರತಕ್ಕೆ ನಿದಾನವೆಂಬ ಶಲ್ಯ ನಾಟಿಕೊಳ್ಳುತ್ತದೆ. ನಿಶ್ಶಲ್ಯನಾದವನೇ ವ್ರತಿಯೆಂದು ನಾವು ಕಲಿತಿದ್ದೇವೆ. ದೇಹಕ್ಕಾಗಿ ಅನ್ನ ಬಿಡುವುದು ಲಂಘನ. ಅದರಲ್ಲಿ ಪಾಪವಿಲ್ಲ, ವೈದ್ಯನು ಹೇಳಿದರೆ ಮಾಡಬೇಕು. ಆದರೆ ಅದಕ್ಕೆ ಉಪವಾಸವೆಂಬ ಹೆಸರಿಡಬಾರದು. ಆತ್ಮನ ಸಮೀಪದಲ್ಲಿ ವಾಸವೆಂದು ಹೊರಟು ತೂಕದ ಯಂತ್ರದ ಸಮೀಪದಲ್ಲಿ ವಾಸವಾದರೆ ಎರಡೂ ಕೆಡುತ್ತವೆ.

ಆದರೂ ಅವುಗಳನ್ನು ಅರ್ಜಿಯಲ್ಲಿ ಬರೆಯಬಾರದೆಂದೇ ನನ್ನ ಅಭಿಪ್ರಾಯ. ಶಲ್ಯವು ಸೇರಿದ್ದರೂ ಆ ವ್ರತಗಳಲ್ಲಿ ವ್ರತದ ಅಂಶವೂ ಇತ್ತು. ಪಂಚಪರಮೇಷ್ಠಿಗಳ ಎದುರಿನಲ್ಲಿ ಕೈಗೊಂಡುದನ್ನು ವಿಮೆಯ ಗುಮಾಸ್ತನ ಎದುರಿನಲ್ಲಿ ‘ವಿಫಲ’ವೆಂದು ಸಹಿ ಹಾಕುವುದು ಸತ್ಯವೂ ಅಲ್ಲ. ಉಪವಾಸದ ಫಲ ನಿರ್ಜರೆ. ಅದು ಸಂದಿತೋ ಇಲ್ಲವೋ ಎಂಬುದನ್ನು ಯಾವ ಯಂತ್ರವೂ ತೋರಿಸದು. ವೈದ್ಯರು ಹೇಳಿದ ಪಥ್ಯವನ್ನು ಅವಳು ಎರಡು ಬಾರಿ ನಡೆಸಿದ್ದಳು, ಒಂದು ವರ್ಷ ದಿನವೂ ನಡೆದಿದ್ದಳು. ವಿಫಲವಾದುವು ಅವು. ಅವನ್ನು ಬರೆಯಲಿ.

ತಿಂದು ತೂಕ ಹೆಚ್ಚಿಸಿಕೊಳ್ಳುವ ದಾರಿಯನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಹಸಿವಿಲ್ಲದೆ ಉಣ್ಣುವುದು, ರೋಗವನ್ನು ಬೇಕೆಂದೇ ಬೆಳೆಸುವುದು, ಆ ರೋಗವನ್ನು ಪ್ರಮಾಣವಾಗಿ ತೋರಿಸಿ ಪರರ ಹಣವನ್ನು ಪಡೆಯುವುದು: ಇಲ್ಲಿ ಅಹಿಂಸೆ, ಸತ್ಯ, ಅಚೌರ್ಯಗಳೆಂಬ ಮೂರು ಅಣುವ್ರತಗಳು ಒಟ್ಟಿಗೆ ನೋಯುತ್ತವೆ. ಮಾತ್ರೆ ನಿಲ್ಲಿಸುವ ಉಪಾಯವಂತೂ ಕಣ್ಣಿಗೂ ಮೂತ್ರಪಿಂಡಕ್ಕೂ ಅಪಾಯ. ಆದರೆ ಒಂದು ಮಾತನ್ನು ಒಪ್ಪದೆ ಗತಿಯಿಲ್ಲ. ನಿಯಮದಲ್ಲಿ ಅನ್ಯಾಯವಿದೆ. ಮಾತ್ರೆಯನ್ನು ತಪ್ಪದೆ ನುಂಗಿದವಳು ಅನರ್ಹಳು, ನುಂಗದೆ ಉದಾಸೀನ ಮಾಡಿದವಳು ಅರ್ಹಳು! ವೈದ್ಯವಿಜ್ಞಾನವು ಎರಡು ಬಾರಿ ಗೆರೆಯನ್ನು ಅಳಿಸಿ ಬರೆದ ಮೇಲೂ ವಿಮೆಯವರು 1991ರ ಗೆರೆಯನ್ನೇ ಹಿಡಿದು ನಿಂತಿದ್ದಾರೆ. ಅನ್ಯಾಯವಾದ ನಿಯಮಕ್ಕೆ ಸುಳ್ಳು ಹೇಳಿದರೆ ದೋಷವೇನೆಂದು ಅವಳ ಗಂಡನು ದೂರವಾಣಿಯಲ್ಲಿ ನನ್ನನ್ನು ಕೇಳಿದನು. ನಿಯಮವನ್ನು ತಿದ್ದಿಸಲು ಬರೆಯಬಹುದು, ಮೇಲ್ಮನವಿ ಕೊಡಬಹುದು, ವೈದ್ಯರಿಂದ ಪತ್ರ ಬರೆಸಬಹುದು. ಸುಳ್ಳು ಹೇಳಿದರೆ ನಿಯಮವು ತಿದ್ದಲ್ಪಡುವುದಿಲ್ಲ, ಹೇಳಿದವನು ಮಾತ್ರ ತಿರುಚಲ್ಪಡುತ್ತಾನೆ ಎಂದೆನು. ಅವನಿಗೆ ಸಮಾಧಾನವಾಗಲಿಲ್ಲವೆಂಬುದು ಧ್ವನಿಯಿಂದ ತಿಳಿಯಿತು. ಲಕ್ಷಗಟ್ಟಲೆ ಹಣದ ಮಾತು. ಅದನ್ನು ಹೊಂದಿಸಬೇಕಾದವನು ಅವನು, ನಾನಲ್ಲ.

ಚಿಕಿತ್ಸೆಗೆ ಮುಂಚೆ ಶ್ರಾವಕರು ವೈದ್ಯರನ್ನು ಕೇಳಿ ತಿಳಿಯಬೇಕಾದ ಕೆಲವು ಸಂಗತಿಗಳುಂಟು. ಶಸ್ತ್ರಚಿಕಿತ್ಸೆಯ ನಂತರ ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಜಾತಿಯ ಚುಚ್ಚುಮದ್ದುಗಳನ್ನು ಹಂದಿಯ ಕರುಳಿನಿಂದ ತಯಾರಿಸುತ್ತಾರೆ. ಪ್ರಾಣಿಮೂಲವಲ್ಲದ ಫೊಂಡಾಪರಿನಕ್ಸ್ ಎಂಬುದೂ ಇದೆ. ಅದು ತಮಗೆ ಆಗುವುದೇ ಎಂದು ಮೊದಲೇ ಕೇಳಬಹುದು. ಆಗದೆಂದರೆ? ಹೆಪ್ಪುಗಟ್ಟಿದ ರಕ್ತವು ಶ್ವಾಸಕೋಶಕ್ಕೇರಿದರೆ ಪ್ರಾಣವೇ ಹೋಗಬಹುದು. ಈ ಒಂದು ವಿಷಯದಲ್ಲಿ ನನ್ನ ಮನಸ್ಸು ಇನ್ನೂ ಎರಡು ಕಡೆ ತೂಗುತ್ತಿದೆ. ತ್ಯಾಗಿಗಳನ್ನು ಕೇಳಿ ನಡೆಯುವುದು ಲೇಸು. ವಿಟಮಿನ್ ಗುಳಿಗೆಗಳ ಹೊರಕವಚವು ಅನೇಕ ವೇಳೆ ಪ್ರಾಣಿಗಳ ಮೂಳೆ ಚರ್ಮಗಳಿಂದಾದ ಜಿಲೆಟಿನ್. ಮಾತ್ರೆಯ ರೂಪದಲ್ಲಿ ಕೇಳಬೇಕು. ಬಿ12, ಕಬ್ಬಿಣ, ಸುಣ್ಣದಂಶಗಳನ್ನು ಜೀವಮಾನವಿಡೀ ತೆಗೆದುಕೊಳ್ಳಬೇಕಾಗುತ್ತದೆ. ನಮ್ಮ ಸಸ್ಯಾಹಾರದಲ್ಲಿ ಬಿ12 ಮೊದಲೇ ಕಡಿಮೆ. 2025ರಲ್ಲಿ ನಮ್ಮ ದೇಶಕ್ಕೂ ಬಂದ, ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಹೊಸ ಔಷಧಗಳು ಕೆಲವರಿಗೆ ಶಸ್ತ್ರವನ್ನೇ ತಪ್ಪಿಸಬಹುದು, ಅದನ್ನೂ ವಿಚಾರಿಸಲಿ.

ವ್ರತಗಳ ವಿಷಯ ಇನ್ನೂ ಮುಖ್ಯ. ಚಿಕಿತ್ಸೆಯ ನಂತರ ಕೆಲವು ತಿಂಗಳು ದಿನವಿಡೀ ಗುಟುಕು ಗುಟುಕಾಗಿ ನೀರು ಕುಡಿಯಬೇಕು, ಸ್ವಲ್ಪಸ್ವಲ್ಪವಾಗಿ ಅನೇಕ ಸಲ ಉಣ್ಣಬೇಕು. ನೀರನ್ನೂ ಬಿಟ್ಟು ಮಾಡುವ ನಮ್ಮ ಉಪವಾಸವಾಗಲಿ, ಒಂದೇ ಆಸನದ ಊಟವಾಗಲಿ ಆಗ ಸಾಧ್ಯವಿಲ್ಲ. ಕಾಲಮಿತಿಯುಳ್ಳ ನಿಯಮವಾದರೆ ಅದನ್ನು ಮುಗಿಸಿ ಶಸ್ತ್ರಕ್ಕೆ ಹೋಗಬೇಕು. ಯಾವಜ್ಜೀವದ ಯಮವಾದರೆ ದಿನಾಂಕ ಗೊತ್ತುಮಾಡುವ ಮೊದಲೇ ಗುರುಗಳಲ್ಲಿ ನಿವೇದಿಸಿಕೊಳ್ಳಬೇಕು. ಷೋಡಶಕಾರಣ ಭಾವನೆಗಳಲ್ಲಿ ತಪಕ್ಕೂ ತ್ಯಾಗಕ್ಕೂ ‘ಶಕ್ತಿತಃ’ ಎಂಬ ವಿಶೇಷಣವನ್ನು ಸೇರಿಸಿದವರು ಇಂತಹ ದೇಹಗಳನ್ನೂ ಕಂಡೇ ಸೇರಿಸಿರಬೇಕು. ರಾತ್ರಿಭೋಜನ ತ್ಯಾಗವನ್ನು ಬಿಡಬೇಕಾದ ಪ್ರಸಂಗ ಸಾಮಾನ್ಯವಾಗಿ ಬರಲಾರದು; ಹೊತ್ತಿಗೆ ಮುಂಚೆ ಉಣ್ಣುವ ರೂಢಿಯು ಅವಳಿಗೆ ಒಳ್ಳೆಯದೇ ಎಂದು ಅವಳ ವೈದ್ಯರೂ ಹೇಳಿದರಂತೆ. ರಾತ್ರಿಯ ನೀರು ಮಾತ್ರ ಕೆಲಕಾಲ ಔಷಧವೆಂದು ಎಣಿಸಬೇಕಾದೀತು.

ಅವಳು ಮೂರು ದಿನ ನಮ್ಮಲ್ಲಿದ್ದಳು. ಹೊರಡುವ ದಿನ ಬೆಳಿಗ್ಗೆ ಜಗಲಿಯ ಮೇಲೆ ಕುಳಿತು ಅರ್ಜಿಯನ್ನು ತುಂಬಿದಳು. ತೂಕ 90 ಎಂದು ಬರೆದಳು. ಪ್ರಯತ್ನಗಳ ಸಾಲಿನಲ್ಲಿ ಪಥ್ಯ ಎರಡು ಬಾರಿ, ನಡಿಗೆ ಒಂದು ವರ್ಷ ಎಂದಿಷ್ಟೇ ಬರೆದು, ಉಳಿದ ಜಾಗವನ್ನು ಹಾಗೆಯೇ ಬಿಟ್ಟಳು. ವಿಮೆಯವರು ತಿಂಗಳೊಳಗೆ ಅದನ್ನು ತಿರಸ್ಕರಿಸಿ ಕಳುಹಿಸಿದರು. ಈಗ ವೈದ್ಯರ ಪತ್ರದೊಡನೆ ಮೇಲ್ಮನವಿ ಹೋಗಿದೆ; ಅದೂ ಆಗದಿದ್ದರೆ ಅವಳ ಅಣ್ಣಂದಿರೂ ನಾನೂ ಸೇರಿ ಹಣವನ್ನು ಹೊಂದಿಸುವುದೆಂದು ಮಾತಾಗಿದೆ. ಈ ವರ್ಷದ ದಶಲಕ್ಷಣವು ಮುಗಿಯುವವರೆಗೆ ದಿನಾಂಕವನ್ನು ಗೊತ್ತುಮಾಡಬೇಡಿರೆಂದು ಅವಳು ವೈದ್ಯರನ್ನು ಕೇಳಿಕೊಂಡಿದ್ದಾಳೆ. ಮನೆಯ ತೂಕದ ಯಂತ್ರವನ್ನು ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟಳೆಂದು ಮೊನ್ನೆ ತಂಗಿಯು ದೂರವಾಣಿಯಲ್ಲಿ ತಿಳಿಸಿದಳು.